ಸಾಕು ಅಂದರೆ ಕೇಳದ ಊರಿನ ಅನಾಥ ವೀರ

ಕಷ್ಟವನ್ನು ಬರೆಯುವುದು ಅಂಥ ಕಷ್ಟದ ಕೆಲಸವೇನಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಪುತ್ತೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು ನಾನು. ಮಕ್ಕಳ ಪ್ರಬಂಧಗಳಲ್ಲಿ ಎಂತೆಂಥ ಕಷ್ಟಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ! ಹಾಗಾಗಿ ಬೇಸಿಗೆ ಶಿಬಿರದವರು ಬಂದು, "ಟೀಚರ್, ಭಾನುವಾರ ಹೈಸ್ಕೂಲ್ ಮಕ್ಕಳಿಗೆ ಒಂದು ಕತೆ ಓದಿ ಹೇಳ್ಬೇಕಲ್ಲ, ಮಾಯಮಂತ್ರದ್ದಾದ್ರೆ ಒಳ್ಳೆದು" ಎಂದಾಗ ಹಿಂದೆಮುಂದೆ ನೋಡಲಿಲ್ಲ. ಕತೆ ಯಾಕೆ, ಕಾದಂಬರಿಯನ್ನೇ ಬರೆದು ಅದರ ಮೊದಲ ಅಧ್ಯಾಯ ಓದುತ್ತೇನೆ ಎಂದುಬಿಟ್ಟೆ.

ನಾಯಕನ ಹೆಸರು ಅಗ್ನಿಕೇತು. ತಂದೆ ತಾಯಿ ಇಲ್ಲ. ಕ್ರೂರಿ ಚಿಕ್ಕಮ್ಮನ ಮನೆಯ ಹಟ್ಟಿಯಲ್ಲಿ ದನಗಳ ಜೊತೆ ವಾಸ. ಮುಂದೆ ರೆಕ್ಕೆಯ ಕುದುರೆ ಏರಿ ರಾಕ್ಷಸನನ್ನು ಕೊಲ್ಲಬೇಕಾದವನು. ಅಂಥ ವೀರನಿಗೆ ಬಾಲ್ಯದಲ್ಲಿ ಕಷ್ಟ ಇರಲೇಬೇಕಲ್ಲ, ಧಾರಾಳವಾಗಿ ಹಾಕಿದೆ. ಬರೆಯುತ್ತಾ ಬರೆಯುತ್ತಾ ನಾನೇ ಅತ್ತೆ.

ಮೊದಲು ಓದಿದವಳು ಒಂಬತ್ತನೇ ಕ್ಲಾಸಿನ ಮಗಳು ಧನ್ಯಾ.

"ಅಮ್ಮ, ಇವ ಮೂರು ದಿವಸ ಊಟ ಮಾಡ್ಲಿಲ್ಲ ಅಲ್ವಾ?"

"ಹೌದು, ಪಾಪ."

"ಮತ್ತೆ ಅಷ್ಟು ದೊಡ್ಡ ಬಂಡೆ ಹೇಗೆ ಎತ್ತಿದ? ನೀನು ಸಂಕಷ್ಟಿ ದಿವಸ ಹನ್ನೊಂದು ಗಂಟೆಗೇ ನಮಗೆಲ್ಲ ಬೈಲಿಕ್ಕೆ ಶುರು ಮಾಡ್ತೀ."

ಈಗಿನ ಮಕ್ಕಳಿಗೆ ಸಾಹಿತ್ಯ ಎಲ್ಲಿ ಅರ್ಥವಾಗಬೇಕು ಎಂದು ಹಸ್ತಪ್ರತಿಯನ್ನು ನಮ್ಮ ಯಜಮಾನರ ಕೈಗೆ ಕೊಟ್ಟೆ. ನನಗೆ ನಿಜವಾಗಿ ಬೇಕಿದ್ದದ್ದು ಇವರ ಅಭಿಪ್ರಾಯವೇ. ಏಕೆಂದರೆ ಇವರು ಕಲ್ಲುಗುಂಡಿಯವರು, ಸಣ್ಣದರಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಚಿಕ್ಕಪ್ಪನ ಮನೆಯಲ್ಲಿ ಬೆಳೆದವರು. ಆ ದಿನಗಳ ಬಗ್ಗೆ ಕೇಳಿದರೆ "ಚೆನ್ನಾಗಿಯೇ ನೋಡಿಕೊಂಡ್ರು" ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಇವರಿಗೆ ಹೌದು ಅನ್ನಿಸದ ಅನಾಥನನ್ನು ಮಕ್ಕಳ ಮುಂದೆ ನಿಲ್ಲಿಸಲು ನನಗೆ ಧೈರ್ಯವಿರಲಿಲ್ಲ.

ಓದುತ್ತಿದ್ದವರು ಒಂದು ಕಡೆ ನಿಲ್ಲಿಸಿದರು. ಅಗ್ನಿಕೇತು ತಟ್ಟೆ ಮುಂದೆ ಚಾಚಿ "ಇನ್ನೂ ಅನ್ನ ಬೇಕು!" ಎಂದು ಗುಡುಗುತ್ತಾನೆ, ಚಿಕ್ಕಮ್ಮ ಸೌಟಿನಿಂದ ಬಾರಿಸುತ್ತಾಳೆ. ನನ್ನ ಪ್ರಕಾರ ಇಡೀ ಅಧ್ಯಾಯದ ಜೀವವೇ ಅದು. ಇವರು ಕನ್ನಡಕ ತೆಗೆದು ಮಡಚಿದರು.

"ಎಂತ ಆಯ್ತು?"

"ಎಂತ ಇಲ್ಲ. ಮತ್ತೆ ಓದ್ತೇನೆ. ಅಕ್ಷರ ಚಂದ ಉಂಟು."

ಅಕ್ಷರ ಚಂದ ಉಂಟು! ಹೇಳಲು ಬೇರೇನೂ ಸಿಕ್ಕದ ಪ್ರಬಂಧಗಳ ಕೆಳಗೆ ನಾನು ಬರೆಯುವ ಮಾತು ಅದು.

ಆಗ ನನಗೆ ಹೊಳೆಯಿತು. ನನ್ನಲ್ಲಿ ಇಲ್ಲದ್ದು ಅನುಭವ. ನನ್ನ ಬಾಲ್ಯದ ಅತಿ ದೊಡ್ಡ ಸಂಕಟವೆಂದರೆ ಅಕ್ಕನ ಹಳೆಯ ರೈನ್‌ಕೋಟು. ಸರಿ, ಶನಿವಾರ ಬೆಳಿಗ್ಗೆ ಬಸ್ಸಿನ ಚಿಲ್ಲರೆ ಮಾತ್ರ ಹಿಡಿದು, ತಿಂಡಿ ತಿನ್ನದೆ, ಸಂಜೆಯವರೆಗೆ ಅನಾಥಳಾಗಿ ಅಲೆಯುವ ಘನ ಉದ್ದೇಶದಿಂದ ಮನೆಯಿಂದ ಹೊರಟೆ. ಸಾಹಿತ್ಯಕ್ಕಾಗಿ ಹಸಿವನ್ನು ಅರಿಯುವುದು ಎಂದರೆ ಸಾಮಾನ್ಯವೇ.

ಕಾಣಿಯೂರಿನಲ್ಲಿ ಇಳಿದು ಬಸ್‌ಸ್ಟ್ಯಾಂಡಿನಲ್ಲಿ ಕುಳಿತೆ. ಹೊಟ್ಟೆ ಗುರ್ ಎಂದಿತು. ಭಲೇ, ಶುರುವಾಯಿತು ಅಂದುಕೊಂಡೆ. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಸುಮತಿ ಎದುರಿಗೆ ಪ್ರತ್ಯಕ್ಷ.

"ಟೀಚರಲ್ವಾ? ಈ ಬಿಸಿಲಿಗೆ ಇಲ್ಲಿ ಎಂತ ಮಾಡುದು? ಬನ್ನಿ, ನಮ್ಮ ಮನೆಯಲ್ಲಿ ಆಸರಿಗೆ ಕುಡಿದು ಹೋಗುವಾ."

ಆಸರಿಗೆ ಎಂದರೆ ಬಾಯಾರಿಕೆಗೆ ಎಂದರ್ಥ. ಆದರೆ ನಮ್ಮ ಕಡೆ ಅದು ಬರೀ ನೀರಿಗೆ ನಿಂತ ಉದಾಹರಣೆ ಇಲ್ಲ. ಬೆಲ್ಲ ನೀರು ಬಂತು, ಅದರ ಹಿಂದೆ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ಬಂತು, ಗಟ್ಟಿಯ ಮೇಲೆ ತುಪ್ಪ ಬಂತು. "ಸಾಕು" ಎಂದೆ. ಇನ್ನೊಂದು ಬಿತ್ತು. "ಖಂಡಿತ ಸಾಕು" ಎಂದೆ. ಎರಡು ಬಿದ್ದವು.

ಇಲ್ಲಿ ಇದ್ದರೆ ಸಂಶೋಧನೆ ಹಾಳು ಎಂದು ಸರ್ವೀಸ್ ಜೀಪು ಹತ್ತಿ ಆಲಂಕಾರಿಗೆ ಹೋದೆ. ಅಲ್ಲಿ ಇವರ ಸ್ನೇಹಿತ ಹಮೀದರ ಬಟ್ಟೆ ಅಂಗಡಿ ಇರುವುದು ನೆನಪಾದದ್ದು, ಅವರು ಹೊರಗೆ ಬಂದು ಎದುರು ನಿಂತ ಮೇಲೆ.

"ಅಕ್ಕ, ಊಟದ ಹೊತ್ತಿಗೆ ಬಂದು ಹಾಗೇ ಹೋಗುದಾ? ನಿಮ್ಮ ಯಜಮಾನ್ರಿಗೆ ಗೊತ್ತಾದ್ರೆ ನನ್ನನ್ನು ಬಿಡ್ತಾರಾ?"

"ಇಲ್ಲ ಹಮೀದ್, ನಾನಿವತ್ತು ಉಪವಾಸ."

"ಉಪವಾಸ ಅಂದ್ರೆ ಗೊತ್ತಾಗುದಿಲ್ವಾ ನಮಗೆ? ನಿಮ್ಮ ಕೈಯಲ್ಲಿ ತುಪ್ಪದ ಪರಿಮಳ ಬರ್ತಾ ಉಂಟು."

ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ತುಪ್ಪದ ಅನ್ನ, ಕೋಳಿ ಸಾರು ಬಡಿಸಿದರು. "ಸಾಕು" ಎಂದು ತಟ್ಟೆಗೆ ಕೈ ಅಡ್ಡ ಹಿಡಿದೆ. ಬೆರಳುಗಳ ಸಂದಿಯಿಂದಲೇ ಬಡಿಸುವ ವಿದ್ಯೆ ಅವರಿಗೆ ಗೊತ್ತಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಹೊಟ್ಟೆ ಹಿಡಿದು ಕುಳಿತಿದ್ದೆ. ಪಕ್ಕದ ಸೀಟಿನ ಅಪರಿಚಿತ ಅಜ್ಜಿ ನನ್ನ ಮುಖ ನೋಡಿದರು. "ಎಂತ ಮಗಾ, ಮುಖ ಬಾಡಿದೆ? ಬೆಳಿಗ್ಗೆಯಿಂದ ಎಂತ ತಿನ್ಲಿಲ್ವಾ?" ಎಂದು ಚೀಲದಿಂದ ನೇಂದ್ರ ಬಾಳೆಹಣ್ಣು ತೆಗೆದು, ಸುಲಿದೇ ಕೊಟ್ಟರು. ಸುಲಿದ ಹಣ್ಣನ್ನು ಬೇಡ ಎನ್ನುವುದು ಹೇಗೆ? ತಿಂದೆ.

ಮನೆಗೆ ತಲುಪಿದವಳೇ ಬೆಂಚಿನ ಮೇಲೆ ಬಿದ್ದುಕೊಂಡೆ. ಇವರು ಓಮದ ಕಷಾಯ ಮಾಡಿ ತಂದರು.

"ಇದೆಂಥ ಊರು ಮಾರಾಯ್ರೆ" ಎಂದು ನಾನು ರೇಗಿದೆ. "ಸಾಕು ಅಂದ್ರೆ ಒಬ್ಬರಾದ್ರೂ ಕೇಳುದು ಬೇಡ್ವಾ?"

ಇವರು ಕಷಾಯದ ಲೋಟ ನನ್ನ ಕೈಗೆ ಕೊಟ್ಟರು. ಆಮೇಲೆ, "ಕೇಳದಿದ್ದದ್ದಕ್ಕೇ ನಾನು ಇಷ್ಟು ಉದ್ದ ಬೆಳೆದದ್ದು" ಎಂದರು.

ನಾನು ಎದ್ದು ಕುಳಿತೆ.

"ನಿನ್ನ ಅಗ್ನಿಕೇತು ಇನ್ನೂ ಬೇಕು ಅಂತಾನಲ್ಲ, ಅಲ್ಲಿಂದ ಮುಂದೆ ನನಗೆ ಓದ್ಲಿಕ್ಕೆ ಆಗ್ಲಿಲ್ಲ. ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳು ಬೇಕು ಅಂತ ಹೇಳುದಿಲ್ಲ. ಬಡಿಸುವ ಮೊದಲೇ ಸಾಕು ಅಂತಾರೆ. ನಮ್ಮ ಚಿಕ್ಕಮ್ಮ ಒಂದು ದಿವಸವೂ ಹೊಡೆದವರಲ್ಲ, ಪಾಪ. ಅವರಿಗೇ ನಾಲ್ಕು ಮಕ್ಕಳು. ಪಾತ್ರೆಯಲ್ಲಿ ಅನ್ನ ಎಷ್ಟು ಉಂಟು ಅಂತ ನನಗೆ ಸೌಟಿನ ಶಬ್ದದಲ್ಲೇ ಗೊತ್ತಾಗ್ತಿತ್ತು."

ನಾನು ಕಷಾಯದ ಲೋಟ ಕೆಳಗಿಟ್ಟೆ.

"ಆಚೆ ಮನೆಯಲ್ಲಿ ಬೀಪಾತುಮ್ಮ ಅಂತ ಇದ್ರು. ಶಾಲೆಯಿಂದ ಬರುವಾಗ ಕರೆದು ಅಕ್ಕಿರೊಟ್ಟಿ ಕೊಡ್ತಿದ್ರು. ಸಾಕು ಅಂತ ನಾನು ಹೇಳುದು, ನಿನ್ನ ಸಾಕು ನನ್ನ ಮನೆಯಲ್ಲಿ ನಡೆಯುದಿಲ್ಲ ಅಂತ ಅವರು ಇನ್ನೊಂದು ಹಾಕುದು. ನನಗೆ ಹೊಟ್ಟೆ ತುಂಬಿತಾ ಇಲ್ವಾ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು."

ಮದುವೆಯಾದಂದಿನಿಂದ ಇವರು ನನ್ನ ದೋಸೆ ತಟ್ಟೆಗೆ ಬೀಳುವ ಮೊದಲೇ ಸಾಕು ಎನ್ನುವವರು. ಅಡುಗೆಗೆ ಒಂದು ದಿನವೂ ಕೊಂಕು ಹೇಳಿದವರಲ್ಲ. ನಮ್ಮವರು ಮಿತಾಹಾರಿ, ಬಹಳ ತೃಪ್ತಿಯ ಮನುಷ್ಯ ಎಂದು ಸ್ಟಾಫ್ ರೂಮಿನಲ್ಲಿ ಎಷ್ಟು ಜಂಬ ಕೊಚ್ಚಿದ್ದೇನೆ! ಪಕ್ಕದಲ್ಲೇ ಕುಳಿತು ಉಣ್ಣುವ ಅನಾಥನನ್ನು ಬಿಟ್ಟು ಜೀಪು ಹತ್ತಿ ಹುಡುಕಲು ಹೋದ ಸಾಹಿತಿ ನಾನು. ಕಣ್ಣಲ್ಲಿ ನೀರು ಬಂತು. ಕಂಡರಿಯದ ಆ ಬೀಪಾತುಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಭಾನುವಾರ ಬೆಳಿಗ್ಗೆ ಎದ್ದು ಅಧ್ಯಾಯವನ್ನು ಬೇರೆಯೇ ಬರೆದೆ. ಅಗ್ನಿಕೇತು ಗುಡುಗುವುದಿಲ್ಲ, ಬಂಡೆ ಎತ್ತುವುದಿಲ್ಲ. "ಸಾಕು" ಎನ್ನುತ್ತಾನೆ. ಆಚೆ ಮನೆಯ ಅಜ್ಜಿಯೊಬ್ಬಳು ಆ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಶಿಬಿರದಲ್ಲಿ ಓದಿ ಮುಗಿಸಿದಾಗ ಒಬ್ಬ ಹುಡುಗಿ ಕೈಯೆತ್ತಿ, "ಟೀಚರ್, ಆ ಅಜ್ಜಿಗೆ ಮನಸ್ಸಲ್ಲಿದ್ದದ್ದು ಓದುವ ಮಂತ್ರಶಕ್ತಿ ಉಂಟಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿದ್ದ ನಮ್ಮವರು "ಉಂಟು" ಎಂದರು.

ಆ ರಾತ್ರಿ ಊಟಕ್ಕೆ ನೀರುದೋಸೆ. ಎಂದಿನಂತೆ "ಸಾಕು" ಬಂತು.

"ನಿಮ್ಮ ಸಾಕು ನನ್ನ ಮನೆಯಲ್ಲಿ ನಡೆಯುದಿಲ್ಲ" ಎಂದು ಒಂದು ಹಾಕಿದೆ. ತಿಂದರು. ಇನ್ನೊಂದು ಹಾಕಿದೆ. ಅದನ್ನೂ ತಿಂದರು. ಬೀಪಾತುಮ್ಮನ ಉತ್ತರಾಧಿಕಾರಿ ನಾನೇ ಎಂಬ ಹೆಮ್ಮೆಯಿಂದ ಮತ್ತೊಂದನ್ನು ಎತ್ತಿದಾಗ ಇವರು ಎರಡೂ ಕೈಗಳಿಂದ ತಟ್ಟೆ ಮುಚ್ಚಿಕೊಂಡರು.

"ಇದು ಆ ಸಾಕು ಅಲ್ಲ ಮಾರಾಯ್ತಿ, ನಿಜವಾದ ಸಾಕು. ನೀನು ಉಪ್ಪೇ ಹಾಕ್ಲಿಲ್ಲ."

ನಮ್ಮ ಸಂಸಾರದಲ್ಲಿ ಇವರು ನನ್ನ ಅಡುಗೆಯ ಮೇಲೆ ಹೇಳಿದ ಮೊದಲ ದೂರು ಅದು. ಈ ಮನೆ ಕೊನೆಗೂ ಇವರಿಗೆ ತಮ್ಮದೆನಿಸಿತಲ್ಲ ಎಂದು ನಾನು ಸಂತೋಷದಿಂದ ಅತ್ತುಬಿಟ್ಟೆ.

ಸೋಮವಾರ ಸಾಂಬಾರಿಗೆ ಹುಳಿ ಹೆಚ್ಚು ಅಂದರು. ಮಂಗಳವಾರ ಪಲ್ಯ ಬೆಂದಿಲ್ಲ ಅಂದರು. ಇವತ್ತು ಬೆಳಿಗ್ಗೆ ಚಟ್ನಿ ನೆಕ್ಕಿ, "ಅಕ್ಷರ ಚಂದ ಉಂಟು" ಎಂದು ಎದ್ದು ಹೋಗಿದ್ದಾರೆ.