ಮುಂಡಪ್ಪಣ್ಣನ ಹುಂಜದ ಮೂರು ಗರಿ

ಮೂರೇ ಮೂರು ಗರಿಗಾಗಿ ಅಣ್ಣು ಕಳ್ಳನಾದ.

ಬಂಟ್ವಾಳ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಅಣ್ಣು ಅದುವರೆಗೆ ಇನ್ನೊಬ್ಬರ ಹಿತ್ತಲಿನ ಬೇವಿನ ಸೊಪ್ಪನ್ನೂ ಕೇಳದೆ ಕಿತ್ತವನಲ್ಲ. ಕೈಗಡಿಯಾರದ ಒಳಗಿಂದ ತೆಗೆದ ತುಂಡು ಸ್ಪ್ರಿಂಗನ್ನು ಕೂಡ ಕಾಗದದಲ್ಲಿ ಕಟ್ಟಿ, "ಇದು ನಿಮ್ಮದು" ಎಂದು ವಾಪಸು ಕೊಡುವ ಜಾತಿಯವನು. ಅಂಥವನು ಐವತ್ತೇಳನೇ ಇಸವಿಯ ದೀಪಾವಳಿ ಕಳೆದ ಮೊದಲ ಆದಿತ್ಯವಾರ, ಬೆಳಕು ಹರಿಯುವ ಹೊತ್ತಿಗೆ, ನೆರೆಮನೆಯ ಮುಂಡಪ್ಪಣ್ಣನ ಹಿತ್ತಲಿನಲ್ಲಿ ಹುಂಜ ಮುಚ್ಚಿದ ಬುಟ್ಟಿಯ ಎದುರು ಕುಕ್ಕುರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಗಡಿಯಾರ ಬಿಚ್ಚುವ ಚಿಮುಟ ಇತ್ತು.

ಇದರ ಮೂಲ ಕೊಕ್ಕಡದ ಆಚೆಯ ರಬ್ಬರ್ ತೋಟದ ಇಂಗ್ಲಿಷ್ ದೊರೆ. ಹತ್ತು ವರ್ಷ ತನ್ನ ಗೋಡೆ ಗಡಿಯಾರ ನಿಲ್ಲದಂತೆ ನೋಡಿಕೊಂಡ ಅಣ್ಣುವಿನ ಮೇಲೆ ಆತನಿಗೆ ಬಹಳ ವಿಶ್ವಾಸ. ತೋಟ ಮಾರಿ ಹಡಗು ಹತ್ತುವ ಮೊದಲು ಅಣ್ಣುವನ್ನು ಕರೆಸಿ, ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ ಗಾಳದ ಕೋಲನ್ನೂ, ಹುರಿ ಸುತ್ತುವ ಹಿತ್ತಾಳೆಯ ರಾಟೆಯನ್ನೂ, ಒಂದು ಮರದ ಪೆಟ್ಟಿಗೆಯನ್ನೂ ಕೊಟ್ಟ. ಪೆಟ್ಟಿಗೆಯಲ್ಲಿ ಕೊಕ್ಕೆ ಕಚ್ಚಿ ಹಿಡಿಯುವ ಪುಟ್ಟ ಇಕ್ಕಳ, ರೇಷ್ಮೆ ನೂಲಿನ ಉಂಡೆಗಳು, ಮೇಣ, ಬಗೆಬಗೆಯ ಗರಿಗಳು ಇದ್ದವು. ಕೊಕ್ಕೆಗೆ ಗರಿ ಸುತ್ತಿ ರೇಷ್ಮೆಯಿಂದ ಬಿಗಿದರೆ ನೊಣದ ಹಾಗೆ ಕಾಣುತ್ತದೆ. ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ಮೀನು ನಿಜವೆಂದು ನಂಬಿ ಹಾರಿ ಕಚ್ಚುತ್ತದೆ. ಅದನ್ನು ಕಟ್ಟುವ ಕ್ರಮವನ್ನೂ ದೊರೆಯೇ ಕಲಿಸಿಕೊಟ್ಟಿದ್ದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಸಾಸಿವೆಯಷ್ಟು ಸಣ್ಣ ತಿರುಪು ತಿರುಗಿಸುವವನಿಗೆ ಅದೊಂದು ಕಷ್ಟವೇ? ಅಣ್ಣು ಪ್ರತಿ ಸಲ ಪೆಟ್ಟಿಗೆ ತೆರೆಯುವ ಮೊದಲು ದೊರೆ ಹೋದ ಪಡುವಣ ಸಮುದ್ರದ ಕಡೆ ತಿರುಗಿ ಕೈ ಮುಗಿಯುತ್ತಿದ್ದ.

ಎರಡು ವರ್ಷದಲ್ಲಿ ದೊರೆಯ ಗರಿಗಳು ಮುಗಿದವು. ಕಾಗೆ ಗರಿ ಕಟ್ಟಿದ; ಮುಳುಗಿತು. ಹೇಂಟೆಯ ಗರಿ ಕಟ್ಟಿದ; ಒದ್ದೆಯಾಗಿ ಕೊಳೆತ ಹತ್ತಿಯಂತಾಯಿತು. ಬಲಿತ ಹುಂಜದ ಕುತ್ತಿಗೆಯ ಗಡುಸಾದ, ಹೊಳಪಿನ ಗರಿಯೇ ಆಗಬೇಕು. ಅಂಥ ಕುತ್ತಿಗೆ ಇಡೀ ಪೇಟೆಯಲ್ಲಿ ಒಂದಕ್ಕೇ ಇದ್ದದ್ದು. ಅದು ಮುಂಡಪ್ಪಣ್ಣ ಕೋಳಿಕಾಳಗಕ್ಕೆಂದೇ ಸಾಕಿದ ಅಂಕದ ಹುಂಜ. ಬೆಂಕಿಯ ಬಣ್ಣದ್ದಾದ್ದರಿಂದ ಎಲ್ಲರೂ ಅದನ್ನು ಉರಿಯೆ ಎನ್ನುತ್ತಿದ್ದರು. ಅಂದೇ ಮಧ್ಯಾಹ್ನ ಬೆಳುವಾಯಿಯ ಕೋಳಿ ಅಂಕಕ್ಕೆ ಅದು ಹೊರಡುವುದಿತ್ತು. ಗೆದ್ದರೆ ಸರಿ, ಸೋತರೆ ಗರಿ ಸಮೇತ ಹೋಯಿತು. ಕೇಳೋಣವೆಂದರೆ, ಅಂಕದ ದಿನ ಹುಂಜದ ಗರಿ ಕೇಳುವುದೂ ಮದುವೆಯ ದಿನ ಮದುಮಗಳ ಜಡೆ ಕೇಳುವುದೂ ಒಂದೇ.

ಅಣ್ಣು ಬುಟ್ಟಿಯ ಸಂದಿಯಿಂದ ಚಿಮುಟ ತೂರಿಸಿದ. ಒಂದು, ಎರಡು. ಮೂರನೆಯದಕ್ಕೆ ಉರಿಯೆ ಎಚ್ಚರಗೊಂಡು, ಪೋಲೀಸು ಸೀಟಿಯ ಹಾಗೆ ಕಿರುಚಿತು. ಅಣ್ಣು ಬೇಲಿ ಹಾರಿ ಓಡಿದ. ಬೇಲಿಯ ಮುಳ್ಳಿಗೆ ಸಿಕ್ಕಿ ಪಂಚೆಯ ಅಂಚು ಹರಿದುಹೋಯಿತು. ಗರಿ ಮಾತ್ರ ಭದ್ರವಾಗಿತ್ತು.

ಅರ್ಧ ಗಂಟೆಯೊಳಗೆ ಮನೆಯ ಮುಂದಿನ ಕೋಣೆಯಲ್ಲೇ ಇದ್ದ ಅಂಗಡಿಯ ಕಿಟಕಿಯ ಬಳಿ ಕೂತು, ಇಕ್ಕಳಕ್ಕೆ ಕೊಕ್ಕೆ ಕಚ್ಚಿಸಿ, ಕೆಂಪು ರೇಷ್ಮೆಗೆ ಮೇಣ ಸವರಿ, ಗರಿ ಸುತ್ತತೊಡಗಿದ. ಆಗ ಕಿಟಕಿಯ ಸರಳುಗಳ ನಡುವೆ ಹನೀಫಾನ ಮುಖ ಕಾಣಿಸಿತು. ಪಕ್ಕದ ಬೀಡಿ ಅಂಗಡಿಯ ಹನೀಫಾನಿಗೆ ಅಂಗಡಿಯೊಳಗೆ ಕೂತು ಗೊತ್ತೇ ಇಲ್ಲ. ಪೇಟೆಯ ಎಲ್ಲ ಕಿಟಕಿಗಳೂ ತನ್ನವೇ ಎಂದು ತಿಳಿದವನು.

"ಎಂಥದು ಮಾರಾಯ ಅದು, ಅಣ್ಣು?"

"ನೊಣ, ಹನೀಫಾ ಕಾಕ."

"ನೊಣವಾ? ನನ್ನ ಅಂಗಡಿಯ ಬೆಲ್ಲದ ಡಬ್ಬಿಯಲ್ಲಿ ಸಾವಿರ ಉಂಟು. ನೀನು ಯಾಕೆ ಕೂತು ಮಾಡ್ತೀ?"

ಅಣ್ಣು ಉತ್ತರ ಕೊಡುವ ಮೊದಲೇ ಆಚೆ ಮನೆಯಿಂದ ಮುಂಡಪ್ಪಣ್ಣನ ಬೊಬ್ಬೆ ಕೇಳಿಸಿತು. "ಅಯ್ಯೋ! ನನ್ನ ಉರಿಯೆಯ ಕುತ್ತಿಗೆ ಬೋಳಾಯ್ತು! ಯಾರೋ ಮಾಟ ಮಾಡಿದ್ದಾರೆ!"

ಹನೀಫಾ ಆ ಕಡೆ ನೋಡಿದ, ಈ ಕಡೆ ನೋಡಿದ. ಅವನ ಕಣ್ಣು ಅಲ್ಯುಮಿನಿಯಂ ತಟ್ಟೆಯಷ್ಟು ಅಗಲವಾಯಿತು. "ಕೆಂಪು ನೂಲು ಉಂಟು, ಮೇಣ ಉಂಟು, ಹುಂಜದ ಗರಿ ಉಂಟು. ಇನ್ನು ಲಿಂಬೆಹುಳಿ ಒಂದು ಬಾಕಿ!"

ಅಷ್ಟರಲ್ಲಿ ಅಣ್ಣುವಿನ ಹೆಂಡತಿ ಸರಸ ಒಳಗಿನಿಂದ ಬಂದು, "ನೋಡಿ, ಉಪ್ಪಿನಕಾಯಿಗೆ ಈ ಲಿಂಬೆಹುಳಿ ಸಾಕಾ, ಇನ್ನೂ ಬೇಕಾ?" ಎಂದು ಎರಡು ಹಣ್ಣು ಎತ್ತಿ ತೋರಿಸಿದಳು.

ಹನೀಫಾ ಓಡಿದ. ಓಡಿದವನು ಹತ್ತು ನಿಮಿಷದಲ್ಲಿ ಅರ್ಧ ಪೇಟೆಯನ್ನು ಕರೆದುಕೊಂಡು ಬಂದ.

ಗುಂಪಿನ ಮುಂದೆ ಮುಂಡಪ್ಪಣ್ಣ, ಕಂಕುಳಲ್ಲಿ ಉರಿಯೆ. ಅವನ ಹಿಂದೆ ಹೆಂಡತಿ ಕಾಂತಕ್ಕ, ಕೈಯಲ್ಲಿ ಕಡ್ಡಿಪೊರಕೆ. ಯಾರೋ "ಅಣ್ಣುವನ್ನು ಹೊರಗೆ ಕರೆಯಿರಿ" ಎಂದರು. ಮುಂಡಪ್ಪಣ್ಣ ತಿರುಗಿ ನಿಂತು ಗುಡುಗಿದ:

"ಬಾಯಿ ಮುಚ್ಚಿ! ಅಣ್ಣು ಮಾಟ ಮಾಡುವ ಜನ ಅಲ್ಲ. ಹೋದ ಮಳೆಗಾಲ ನನಗೆ ಜ್ವರ ಬಂದಾಗ ಪಾಣೆಮಂಗಳೂರಿನ ಡಾಕ್ಟ್ರನ್ನು ದೋಣಿಯಲ್ಲಿ ಕರ್ಕೊಂಡು ಬಂದವ ಇವ. ನನ್ನ ಕೋಳಿಯನ್ನು ಇವ ಮುಟ್ಟುವುದುಂಟಾ? ಹೇಳು ಅಣ್ಣು, ಇದು ಎಂಥದು ಅಂತ ಇವರಿಗೆಲ್ಲ ಹೇಳು."

ಅಣ್ಣುವಿಗೆ ಆ ಮಾತು ಪೊರಕೆಯ ಏಟಿಗಿಂತ ಜೋರಾಗಿ ಬಿತ್ತು. "ಇದು ಮೀನು ಹಿಡಿಯುವ ನೊಣ, ಮುಂಡಪ್ಪಣ್ಣ" ಎಂದ.

"ಮೀನಿಗೆ ಎರೆಹುಳ ಸಾಲದಾ?" ಎಂದ ಹನೀಫಾ. "ಮಣ್ಣು ಅಗೆದರೆ ಪುಕ್ಕಟೆ ಸಿಗ್ತದೆ. ರೇಷ್ಮೆ ಸುತ್ತಿ, ಕನ್ನಡಿ ಇಟ್ಟು ಸುಳ್ಳು ನೊಣ ಮಾಡುವವ ಯಾರಾದರೂ ಉಂಟಾ? ಮೀನಿಗೆ ಮದುವೆಯಾ?"

"ಹಾಗಾದರೆ ಹಿಡಿದು ತೋರಿಸಲಿ" ಎಂದಳು ಕಾಂತಕ್ಕ. "ಹೊಳೆಗೆ ಹೋಗುವ."

ಹೊಳೆಗೆ ಹೋಗುವ ಎಂದ ಮೇಲೆ ಕೇಳಬೇಕೇ? ಮುಂದೆ ಗಾಳದ ಕೋಲು ಹೊತ್ತ ಅಣ್ಣು, ಹಿಂದೆ ಗುಂಪು. ನೇತ್ರಾವತಿಯ ದಡಕ್ಕೆ ಬರುವಷ್ಟರಲ್ಲಿ ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡದವರೂ ಇಬ್ಬರು ಸೇರಿಕೊಂಡಿದ್ದರು.

ದೊರೆಯ ಕ್ರಮದಲ್ಲಿ ಮೊದಲು ಹುರಿಯನ್ನು ಬೆನ್ನಿನ ಹಿಂದಕ್ಕೆ ಬೀಸಿ, ಅದು ಪೂರ್ತಿ ಬಿಚ್ಚಿಕೊಂಡ ಮೇಲೆ ಮುಂದಕ್ಕೆ ಎಸೆಯಬೇಕು. ಹಿಂದೆ ಅರ್ಧ ಪೇಟೆ ನಿಂತಿದ್ದರೆ ಏನು ಮಾಡಬೇಕೆಂದು ದೊರೆ ಹೇಳಿಕೊಟ್ಟಿರಲಿಲ್ಲ. ಮೊದಲ ಬೀಸಿಗೆ ಹನೀಫಾನ ಕಿವಿಯಲ್ಲಿ ಸಿಕ್ಕಿಸಿದ್ದ ಬೀಡಿ ಕೊಕ್ಕೆಗೆ ಸಿಕ್ಕಿ, ಗಾಳಿಯಲ್ಲಿ ಒಂದು ಸುತ್ತು ಹಾಕಿ ನೀರಿಗೆ ಬಿತ್ತು.

"ನನ್ನ ಕಿವಿ!" ಎಂದು ಹನೀಫಾ ಕಿವಿಯನ್ನು ಎರಡು ಸಲ ಮುಟ್ಟಿ ನೋಡಿಕೊಂಡ. "ಕಿವಿ ಉಂಟು. ಬೀಡಿ ಹೋಯ್ತು."

ಎರಡನೆಯ ಬೀಸಿಗೆ ನೊಣ ಅಣ್ಣುವಿನದೇ ಅಂಗಿಯ ಬೆನ್ನಿಗೆ ಕಚ್ಚಿಕೊಂಡಿತು. ಅದನ್ನು ಬಿಡಿಸಿದ್ದೂ ಮುಂಡಪ್ಪಣ್ಣನೇ. "ಹೆದರಬೇಡ, ನಿಧಾನ ಮಾಡು. ನೀನು ಹೇಳಿದ್ದು ನಿಜ ಅಂತ ನನಗೆ ಗೊತ್ತುಂಟು" ಎಂದು ಬೆನ್ನು ತಟ್ಟಿ, ಎಲ್ಲರನ್ನೂ ಹಿಂದಕ್ಕೆ ತಳ್ಳಿ ಜಾಗ ಮಾಡಿಕೊಟ್ಟ.

ಮೂರನೆಯ ಸಲ ಹುರಿ ಸರಿಯಾಗಿ ಬಿಚ್ಚಿಕೊಂಡಿತು. ನೊಣ ಬಂಡೆಯ ನೆರಳಿನಲ್ಲಿ ಹೂವಿನ ಎಸಳಿನಂತೆ ಇಳಿದು, ನೀರಿನ ಮೇಲೆ ಕೂತು, ಸೆಳವಿನಲ್ಲಿ ಮೆಲ್ಲಗೆ ತೇಲಿತು. ಉರಿಯೆಯ ಗರಿಗಳು ಬಿಸಿಲಿಗೆ ಮಿನುಗಿದವು.

ನೀರು ಒಡೆಯಿತು. ರಾಟೆ ಕಿರ್ರೆಂದಿತು. ಕೋಲು ಬಿಲ್ಲಾಯಿತು.

"ಉಂಟು! ಮೀನು ಉಂಟು!" ಹನೀಫಾ ಕುಣಿಯತೊಡಗಿದ. ಅಣ್ಣು ಅತ್ತ ಓಡಿದ, ಇತ್ತ ಓಡಿದ, ಜಾರಿ ಮೊಣಕಾಲೂರಿದ. ಮೀನು ಬಂಡೆಯ ಸಂದಿಗೆ ನುಗ್ಗುವುದರಲ್ಲಿತ್ತು. ನುಗ್ಗಿದರೆ ದಾರ ತುಂಡಾಗುತ್ತಿತ್ತು. ಆಗ ಮುಂಡಪ್ಪಣ್ಣ ಹುಂಜವನ್ನು ಹೆಂಡತಿಯ ಕೈಗೆ ಕೊಟ್ಟು, ಅಂಕಕ್ಕೆಂದು ಉಟ್ಟ ಮಡಿಕೆ ಮುರಿಯದ ಪಂಚೆಯಲ್ಲೇ ಕುತ್ತಿಗೆಯವರೆಗಿನ ನೀರಿಗೆ ಹಾರಿ, ಒಂದೂವರೆ ಮೊಳದ ಮೀನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮೇಲೆ ಬಂದ. ಮೂಗಿನಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

"ನಾನು ಹೇಳಲಿಲ್ಲವಾ? ನಮ್ಮ ಅಣ್ಣು ಸುಳ್ಳು ಹೇಳುವವ ಅಲ್ಲ!"

ಅಣ್ಣುವಿಗೆ ಇನ್ನು ತಡೆಯಲಾಗಲಿಲ್ಲ. ಒದ್ದೆಯಾಗಿ ನಡುಗುತ್ತಿದ್ದ ಆ ಮನುಷ್ಯನ ಎರಡೂ ಕೈ ಹಿಡಿದುಕೊಂಡ. "ಮುಂಡಪ್ಪಣ್ಣ, ಉರಿಯೆಯ ಗರಿ ಕಿತ್ತವ ನಾನು. ಬೆಳಿಗ್ಗೆ ಬೇಲಿ ಹಾರಿ ಬಂದು ಕಿತ್ತೆ."

ಮುಂಡಪ್ಪಣ್ಣ ಮುಖದ ನೀರು ಒರೆಸಿಕೊಂಡ.

"ಎಷ್ಟು?"

"ಮೂರು."

"ನನ್ನಲ್ಲಿ ಕೇಳಬಾರದಿತ್ತಾ?"

"ಕೇಳಿದ್ದರೆ ಕೊಡ್ತಿದ್ದಿರಾ?"

ಮುಂಡಪ್ಪಣ್ಣ ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ. ಹೊಡೀತಿದ್ದೆ" ಎಂದ. ಆಮೇಲೆ ಮೀನನ್ನು ನೋಡಿದ, ಅಣ್ಣುವಿನ ಕಣ್ಣಿನಲ್ಲಿ ತುಂಬಿದ್ದ ನೀರನ್ನು ನೋಡಿದ. "ಆಯ್ತು ಬಿಡು. ಹೇಳಿದೆಯಲ್ಲ, ಅಷ್ಟು ಸಾಕು. ಬಸ್ಸಿಗೆ ಹೊತ್ತಾಯ್ತು."

ಅಣ್ಣು ಮೀನನ್ನು ಕಾಂತಕ್ಕನ ಕಾಲ ಬಳಿ ಇಟ್ಟ. "ಇದು ನಿಮಗೆ. ಗರಿಯ ಆಸೆ ನನಗೆ ಇಲ್ಲಿಗೆ ಸಾಕು, ಕಾಂತಕ್ಕ. ಇನ್ನು ಮೇಲೆ ನಿಮ್ಮ ಅಂಗಳದಲ್ಲಿ ಬಿದ್ದ ಗರಿಯನ್ನೂ ನಾನು ಕಣ್ಣೆತ್ತಿ ನೋಡುವುದಿಲ್ಲ."

ಆ ಮಧ್ಯಾಹ್ನ ಅಣ್ಣುವಿಗೆ ಊಟ ಸೇರಲಿಲ್ಲ. ಬೋಳು ಕುತ್ತಿಗೆಯ ಹುಂಜ ಸೋತರೆ? ಮುಂಡಪ್ಪಣ್ಣ ಏನೂ ಅನ್ನಲಾರ, ಅದೇ ಕಷ್ಟ. ಬೆಳುವಾಯಿ, ಮೂಡಬಿದ್ರೆಯ ಕಡೆಯಿಂದ ಬಂದ ಪ್ರತಿ ಬಸ್ಸನ್ನೂ ಹನೀಫಾ ತಡೆದು ವಿಚಾರಿಸಿ, ಗೊತ್ತಾಗದ ಸುದ್ದಿಯನ್ನು ಓಡಿ ಬಂದು ಹೇಳುತ್ತಿದ್ದ. "ಇನ್ನೂ ಗೊತ್ತಿಲ್ಲ ಅಂತೆ, ಅಣ್ಣು!"

ಸಂಜೆ ಐದರ ಬಸ್ಸಿನಿಂದ ಮುಂಡಪ್ಪಣ್ಣ ಇಳಿದ. ಒಂದು ಕಂಕುಳಲ್ಲಿ ಉರಿಯೆ, ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಇನ್ನೊಂದು ಕೈಯಲ್ಲಿ ಭಾರದ ಗೋಣಿಚೀಲ. ಗೆದ್ದವನಿಗೆ ಸೋತವನ ಹುಂಜ ಸೇರುವುದು ಅಂಕದ ಕ್ರಮ. ಅವನು ನೆಟ್ಟಗೆ ಗಡಿಯಾರದ ಅಂಗಡಿಗೆ ಬಂದು, ಹುಂಜವನ್ನೂ ಚೀಲವನ್ನೂ ಕೆಳಗಿಟ್ಟು, ಅಣ್ಣುವನ್ನು ಸ್ಟೂಲಿನಿಂದ ಎತ್ತಿ ತಬ್ಬಿಕೊಂಡ.

"ಲಾಯಿಲ ಊರಿನವನ ಹುಂಜ, ಮಾರಾಯ! ನಮ್ಮದರ ಒಂದೂವರೆ ಪಾಲು ಉಂಟು. ಮೂರು ಸಲ ಉರಿಯೆಯ ಕುತ್ತಿಗೆಗೆ ಬಾಯಿ ಹಾಕಿತು. ನೀನು ಕಿತ್ತ ಜಾಗಕ್ಕೇ! ಹಿಡಿಯಲಿಕ್ಕೆ ಅಲ್ಲಿ ಗರಿ ಇದ್ದರಲ್ಲವಾ? ಮೂರು ಸಲವೂ ಜಾರಿತು. ನಾಲ್ಕನೇ ಸಲ ನಮ್ಮದು ಒಂದೇ ಏಟು. ನೀನು ಗರಿ ಕೀಳದಿದ್ದರೆ ಇವತ್ತು ನನ್ನ ಉರಿಯೆ ಲಾಯಿಲದಲ್ಲಿ ಸಾರು ಆಗ್ತಿತ್ತು. ನಿನ್ನ ಉಪಕಾರ ನಾನು ಮರೆಯುವುದಿಲ್ಲ. ಇವತ್ತು ನಿಮ್ಮಿಬ್ಬರಿಗೂ ನಮ್ಮಲ್ಲೇ ಊಟ."

ಅಣ್ಣುವಿನ ಎದೆಯಿಂದ ಕಲ್ಲು ಇಳಿದಂತಾಯಿತು. ದೇವರೇ, ಎಂಥ ನೆರೆಕರೆ ಕೊಟ್ಟಿದ್ದೀ ಎಂದು ಮನಸ್ಸಿನಲ್ಲೇ ಕೈ ಮುಗಿದ.

ಮುಸ್ಸಂಜೆಗೆ ಕಾಂತಕ್ಕ ಬಾಳೆಲೆಯ ಮೇಲೆ ಗರಿಗರಿ ರೊಟ್ಟಿ ಮುರಿದು ಹಾಕಿ, ಕೆಂಪಗೆ ಕುದಿಯುವ ಕೋಳಿ ಸಾರು ಸುರಿದಳು. ಅಣ್ಣು ಮೊದಲ ತುತ್ತು ಬಾಯಿಗಿಟ್ಟ. ಮುಂಡಪ್ಪಣ್ಣ ಅವನ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದ:

"ಚಂದದ ಹುಂಜ ಇತ್ತು, ಪಾಪ, ಈ ಲಾಯಿಲದವನದು. ಅಂಥ ಬಣ್ಣ ನಾನು ಈವರೆಗೆ ನೋಡಿದ್ದಿಲ್ಲ. ಕುತ್ತಿಗೆ ಪೂರಾ ಹೊಗೆಯ ಬಣ್ಣ. ಬಿಸಿಲಿಗೆ ಹಿಡಿದರೆ ಉಕ್ಕಿನ ಹಾಗೆ ನೀಲಿ ಹೊಳಪು."

ಅಣ್ಣುವಿನ ತುತ್ತು ಅಲ್ಲೇ ನಿಂತಿತು. ಹೊಗೆಯ ಬಣ್ಣದ ಕುತ್ತಿಗೆ ಗರಿ! ಬೆಳ್ತಂಗಡಿಯಿಂದ ಮಡಿಕೇರಿಯವರೆಗೆ ಮೂವತ್ತು ವರ್ಷ ಹುಡುಕಿ, ಅದೊಂದು ಸಿಗದೆ ದೊರೆ ನಿಟ್ಟುಸಿರುಬಿಟ್ಟು ಹಡಗು ಹತ್ತಿದ್ದ. ಒಂದು ಕುತ್ತಿಗೆಯಲ್ಲಿ ಒಬ್ಬ ಮನುಷ್ಯನ ಆಯುಷ್ಯಕ್ಕೆ ಸಾಕಾಗುವಷ್ಟು ನೊಣ ಕಟ್ಟಬಹುದು ಎಂದಿದ್ದ.

"ಅದರ... ಅದರ ಗರಿ ಎಲ್ಲಿ, ಕಾಂತಕ್ಕ?"

ಕಾಂತಕ್ಕನ ಮುಖ ಅಕ್ಕರೆಯಿಂದ ಅರಳಿತು. "ನೀವು ಅದರ ಚಿಂತೆ ಮಾಡಬೇಡಿ. ಬೆಳಿಗ್ಗೆ ಅಷ್ಟು ಜನರ ಎದುರು ಎಷ್ಟು ನೊಂದುಕೊಂಡಿರಿ ಅಂತ ನಾವು ನೋಡಲಿಲ್ಲವಾ? ಗರಿ ಕಂಡರೆ ನಿಮಗೆ ಪುನಃ ಬೇಜಾರಾದೀತು ಅಂತ ಬಿಸಿನೀರು ಹೊಯ್ದು, ಒಂದೊಂದನ್ನೇ ಕಿತ್ತು, ನಾನೇ ಕೂತು ಬಚ್ಚಲ ಒಲೆಗೆ ಹಾಕಿದೆ. ಒಂದು ಗರಿ ಬಿಟ್ಟಿಲ್ಲ, ಬೇಕಾದರೆ ನೋಡಿ."

ಅಣ್ಣುವಿನ ಕಣ್ಣಿನಿಂದ ಎರಡು ಹನಿ ಸಾರಿನೊಳಗೆ ಬಿದ್ದವು.

"ನೋಡಿದೆಯಾ ಕಾಂತಿ," ಎಂದ ಮುಂಡಪ್ಪಣ್ಣ, ಅವನ ಬೆನ್ನು ಸವರುತ್ತ, "ಉಪಕಾರ ನೆನೆಯುವ ಮನುಷ್ಯ ಅಂದರೆ ಹೀಗೆ. ಹಾಕು, ಇನ್ನೊಂದು ಸೌಟು ಹಾಕು."

"ಬಹಳ ಉಪಕಾರ ಆಯ್ತು, ಕಾಂತಕ್ಕ" ಎಂದು ಅಣ್ಣು ಎಲೆಯನ್ನು ಮುಂದಕ್ಕೆ ಸರಿಸಿದ. ಸಾರು ನಿಜವಾಗಿಯೂ ಬಹಳ ರುಚಿಯಾಗಿತ್ತು.