ಜೀನ್ಸ್ ಕತ್ತರಿಸಲು ಹೊರಟ ಹ್ಯಾಸ್ಕೆಲ್

ರಾಯದುರ್ಗದ ಆ ಓಣಿಯಲ್ಲಿ ಮೂರನೇ ಸಲ ಅದೇ ಬೇವಿನ ಮರದ ಕೆಳಗೆ ಬಂದು ನಿಂತಾಗ, ಇನ್ನು ಮಾನ ನೋಡಿದರೆ ಆಗದು ಎಂದುಕೊಂಡು, ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದ ಹೆಂಗಸನ್ನು ಕೇಳಿದೆ: ಇಲ್ಲೊಂದು ಜೀನ್ಸ್ ಯೂನಿಟ್ ಇದೆಯಂತಲ್ಲ, ಎಲ್ಲಿ? ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೋಡಲೇಬೇಕು. ಆ ಓಣಿಯ ಎಡಕ್ಕೂ ಬಲಕ್ಕೂ, ಮನೆಮನೆಯೊಳಗಿಂದಲೂ ಹೊಲಿಗೆ ಮಷೀನಿನ ಸದ್ದೇ ಬರುತ್ತಿತ್ತು.

ಮೂರು ಖಂಡಗಳಲ್ಲಿ ದಾರಿ ತಪ್ಪಿ ಬಂದವಳು ನಾನು. ಹೋದಲ್ಲೆಲ್ಲ ಇಂಥ ಫಜೀತಿಯೊಂದು ನನಗಾಗಿಯೇ ಕಾದು ಕೂತಿರುತ್ತದೆ. ಆದರೆ ಒಂದೇ ಕೆಲಸದಲ್ಲಿ ಇಷ್ಟೊಂದು ಆದದ್ದು ರಾಯದುರ್ಗದಲ್ಲೇ.

ಕೇಳಿದ್ದೊಂದು

ಕೊಡದ ಹೆಂಗಸು ಉತ್ತರ ಕೊಡಲಿಲ್ಲ, ಪ್ರಶ್ನೆ ಕೇಳಿದಳು. ಯಾರ ಯೂನಿಟ್ಟು? ಯಾವ ಊರಿನವರು ನೀವು? ಹೊಲಿಯಾಕ ಬಂದೀರೋ, ಹೊಲಿಸಾಕ ಬಂದೀರೋ? ಎರಡೂ ಅಲ್ಲ, ಬಟ್ಟೆ ಹೇಗೆ ಕತ್ತರಿಸಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಕೊಡೋಕೆ ಬಂದಿದ್ದೇನೆ ಅಂದೆ. ಕೊಡವನ್ನು ಸೊಂಟಕ್ಕೇರಿಸಿದಳು.

"ಹಂಗಾರ ನಿಮಗ ಬೇಕಾಗಿರೋದು ಆ ಯೂನಿಟ್ ಅಲ್ರಿ. ನಮ್ಮ ತಮ್ಮಂದೊಂದು ಐತಿ, ಅಲ್ಲಿಗೆ ಹೋಗ್ರಿ."

ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು. ನನಗೆ ತವರಿಗೆ ಬಂದ ಹಾಗಾಯಿತು. ಯಾಕೆಂದರೆ ನಾನು ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವಳು. ಇದು ಮಾಡು, ಆಮೇಲೆ ಅದು ಮಾಡು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಡುವ ಭಾಷೆಯಲ್ಲ ಅದು. ಬೀಜಗಣಿತದ ಸಮೀಕರಣಗಳ ಹಾಗೆ, ಯಾವುದು ಯಾವುದಕ್ಕೆ ಸಮ ಎಂದಷ್ಟೇ ಬರೆಯಬೇಕು. ಬರೆಯುವವರು ಕಡಿಮೆ, ತಲೆಕೆಡಿಸಿಕೊಳ್ಳುವವರು ಹೆಚ್ಚು, ಹಾಗಾಗಿ ನಮ್ಮದೊಂದು ಫೋನ್ ಗ್ರೂಪ್ ಇದೆ. ಅಲ್ಲಿ ಪಟ್ಟಿಯ ಕೊನೆಯ ಅಂಶ ತೆಗೆಯೋದು ಹೇಗೆ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ, ತಿರುಗಿ ಕೇಳುತ್ತಾರೆ: ಕೊನೆಯದು ಯಾಕೆ ಬೇಕು? ನಿಜವಾಗಿ ಏನು ಮಾಡಬೇಕು ಅಂತಿದ್ದೀರಿ? ನಿಮಗೆ ಬೇಕಾಗಿರುವುದು ಪಟ್ಟಿಯೇ ಅಲ್ಲ. ಸಂಜೆಯ ಹೊತ್ತಿಗೆ ಕೇಳಿದವನಿಗೆ ತಾನು ಯಾಕೆ ಹುಟ್ಟಿದೆ ಎಂಬುದರವರೆಗೂ ಅನುಮಾನ ಬಂದಿರುತ್ತದೆ.

ನಾನು ತಮ್ಮನ ಯೂನಿಟ್ಟಿಗೇ ಹೋದೆ. ಅದೇ ನನಗೆ ಬೇಕಾಗಿದ್ದ ಯೂನಿಟ್ಟಾಗಿತ್ತು.

ಟೇಪಿನ ಮಗ್ಗಲು

ಕೆಲಸ ಇಷ್ಟು. ಉದ್ದನೆಯ ಮೇಜಿನ ಮೇಲೆ ಜೀನ್ಸ್ ಬಟ್ಟೆಯನ್ನು ಎಂಬತ್ತು ಪದರ ಹಾಸುತ್ತಾರೆ. ಮೇಲಿನ ಪದರದಲ್ಲಿ ಕಾಲು, ಸೊಂಟಪಟ್ಟಿ, ಜೇಬು ಎಲ್ಲವನ್ನೂ ಒತ್ತೊತ್ತಾಗಿ ಗುರುತು ಹಾಕಿ, ಮಷೀನಿನಿಂದ ಒಂದೇ ಏಟಿಗೆ ಕತ್ತರಿಸುತ್ತಾರೆ. ಆ ಗುರುತಿನ ನಕ್ಷೆಯನ್ನು ಇಷ್ಟು ವರ್ಷ ಕಟಿಂಗ್ ಮಾಸ್ಟರ್ರು ಸೀಮೆಸುಣ್ಣ ಹಿಡಿದು ಮಾಡುತ್ತಿದ್ದರು. ಇನ್ನು ಮುಂದೆ ನನ್ನ ಪ್ರೋಗ್ರಾಂ ಮಾಡಬೇಕು, ಬಟ್ಟೆ ಉಳಿಸಬೇಕು. ಬರುವ ಸೋಮವಾರ ಬೆಂಗಳೂರಿನ ದೊಡ್ಡ ಆರ್ಡರಿನ ಕಟಿಂಗ್. ನಕ್ಷೆ ತಪ್ಪಿದರೆ ಎಂಬತ್ತು ಪದರವೂ ಚಿಂದಿ, ಆರ್ಡರ್ ಹೋಯಿತು, ನಲವತ್ತು ಮಷೀನು ಸುಮ್ಮನೆ ಕೂತವು. ಕತ್ತರಿಸಿದ ಬಟ್ಟೆಗೆ ಹಿಂದಕ್ಕೆ ಹೋಗುವ ಬಟನ್ ಇಲ್ಲ. ಮೊದಲ ದಿನದಿಂದಲೇ ನನಗೆ ಊಟ ಸೇರಲಿಲ್ಲ.

ಮಿಲ್ಲಿನವರು ಬಟ್ಟೆಯನ್ನು ಮೀಟರಿನಲ್ಲಿ ಕಳಿಸುತ್ತಾರೆ, ಮಾಸ್ಟರ್ರು ಅಳೆಯುವುದು ಇಂಚಿನಲ್ಲಿ. ಎರಡೂ ಬೆರೆತುಹೋಗಬಾರದೆಂದು ನಾನು ಬುದ್ಧಿವಂತಿಕೆಯಿಂದ ಮೀಟರ್ ಒಂದು ಜಾತಿ, ಇಂಚು ಇನ್ನೊಂದು ಜಾತಿ ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟೆ. ಅದು ಎಷ್ಟು ಚೆನ್ನಾಗಿ ಕಲಿಯಿತೆಂದರೆ ಅವೆರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಒಪ್ಪಲೇ ಇಲ್ಲ. ಗ್ರೂಪಿನಲ್ಲಿ ಕೇಳಿದೆ. ಒಬ್ಬರು ಮೂವತ್ತು ಪುಟದ ಪ್ರಬಂಧ ಕಳಿಸಿದರು. ಇನ್ನೊಬ್ಬರು ಆ ಪ್ರಬಂಧ ಹಳತಾಯಿತು ಎಂದರು. ಅವರಿಬ್ಬರ ಜಗಳ ಮೂರು ದಿನ ನಡೆಯಿತು.

ಮೂರನೇ ದಿನ ಮಾಸ್ಟರ್ರು ಬಂದು, ಯಾಕ್ರಿ ಅಕ್ಕಾರ ಮುಖ ಸಣ್ಣ ಮಾಡೀರಿ ಅಂತ ಕೇಳಿದರು. ಹೇಳಿದೆ. ಅವರು ಕೊರಳಿಗೆ ಹಾಕಿಕೊಂಡಿದ್ದ ಟೇಪು ತೆಗೆದರು. ಒಂದು ಕಡೆ ಇಂಚು ಇತ್ತು, ಮಗುಚಿದರೆ ಸೆಂಟಿಮೀಟರ್.

"ಮಗ್ಗಲು ಬದಲಿಸಿದ್ರ ಆತಲ್ರಿ," ಅಂದು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಹೋದರು. ನಾನೂ ಮೀಟರನ್ನು ಇಂಚಿಗೆ ಮಗುಚುವ ಒಂದೇ ಸಾಲು ಬರೆದೆ, ಪ್ರೋಗ್ರಾಂ ಒಪ್ಪಿತು.

ಕಣ್ಣು ಮಿಟುಕಿಸುವುದರೊಳಗೆ

ಗುರುವಾರ ಮಾಲೀಕರಿಗೆ ತೋರಿಸಬೇಕಿತ್ತು. ಹನ್ನೆರಡು ಅಳತೆಯ ಪ್ಯಾಂಟುಗಳ ನಕ್ಷೆ ಹಾಕು ಎಂದು ಕೊಟ್ಟೆ. ಬೆರಳು ತೆಗೆಯುವಷ್ಟರಲ್ಲಿ 'ಮುಗಿಯಿತು' ಎಂದು ತೆರೆಯ ಮೇಲೆ ಬಂತು. ಮಾಲೀಕರು ಬಳ್ಳಾರಿಯ ಬೀಗರಿಗೆ ಫೋನ್ ಮಾಡಿ, ಮಾಸ್ಟರ್ರಿಗೆ ಒಂದು ದಿನ ಹಿಡಿಯುತ್ತಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ ಆಯಿತು ಎಂದು ಹೇಳಿದರು. ಮಾಸ್ಟರ್ರು ಮೂಲೆಯಲ್ಲಿ ನಿಂತು ಕೇಳಿಸಿಕೊಂಡು, ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. ನನಗೆ ಅದರಿಂದಲೇ ಹೆಚ್ಚು ಭಯವಾಯಿತು.

ಸರಿ, ನಕ್ಷೆ ತೋರಿಸ್ರಿ ಅಂದರು ಮಾಲೀಕರು. ಪ್ರೋಗ್ರಾಮಿಗೆ ತೋರಿಸು ಅಂದೆ. ಲ್ಯಾಪ್‌ಟಾಪಿನ ಫ್ಯಾನು ಗುಂಯ್ಗುಡತೊಡಗಿತು. ಚಹಾ ಬಂತು, ಲೋಟ ಖಾಲಿಯಾಯಿತು. ಲ್ಯಾಪ್‌ಟಾಪಿನ ಮೇಲೆ ರೊಟ್ಟಿ ಸುಡಬಹುದಾದಷ್ಟು ಅದು ಬಿಸಿಯಾಯಿತು.

ಹ್ಯಾಸ್ಕೆಲ್ ಸೋಮಾರಿ ಭಾಷೆ. ಬೈಗುಳವಲ್ಲ, ಪುಸ್ತಕದಲ್ಲೇ ಹಾಗೆ ಬರೆದಿರುತ್ತದೆ. ಉತ್ತರ ಯಾರಾದರೂ ನಿಜಕ್ಕೂ ಕೇಳುವವರೆಗೆ ಅದು ಲೆಕ್ಕ ಮಾಡುವುದಿಲ್ಲ, ಮಾಡುತ್ತೇನೆ ಅಂತ ಚೀಟಿ ಬರೆದಿಟ್ಟುಕೊಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದದ್ದು ಚೀಟಿ ಬರೆಯುವ ಕೆಲಸ. ಇದನ್ನು ಬೆವರು ಒರೆಸಿಕೊಳ್ಳುತ್ತ ವಿವರಿಸಿದೆ. ಮಾಲೀಕರಿಗೆ ಅರ್ಥವಾಗಲಿಲ್ಲ. ಮಾಸ್ಟರ್ರಿಗೆ ತಕ್ಷಣ ಆಯಿತು.

"ಇಂಥಾವ ಒಬ್ಬ ನನ್ನ ಕೈಕೆಳಗ ಇದ್ದ. ಕೇಳಿದಾಗೆಲ್ಲ 'ಆತ್ರಿ, ಆತ್ರಿ' ಅಂತಿದ್ದ. ಕೊಡು ಅಂದಾಗ ಕತ್ತರಿ ಹುಡುಕ್ತಿದ್ದ."

ಮಡಕಶಿರದ ಗುರು

ಕೊನೆಗೂ ನಕ್ಷೆ ಬಂತು. ಮಾಸ್ಟರ್ರ ನಕ್ಷೆಗಿಂತ ಒಂದೊಂದು ಪದರಕ್ಕೂ ಒಂದು ಗೇಣು ಬಟ್ಟೆ ಕಡಿಮೆ ಸಾಕು ಎಂದಿತು. ಖುಷಿಯಾಗಬೇಕಿತ್ತು, ಅನುಮಾನ ಬಂತು. ಮೂವತ್ತು ವರ್ಷ ಕತ್ತರಿ ಹಿಡಿದವರಿಗೆ ಕಾಣದ ಗೇಣು ನನಗೆಲ್ಲಿಂದ ಸಿಕ್ಕಿತು?

ನಮ್ಮ ಗ್ರೂಪಿನಲ್ಲಿ ಒಬ್ಬರಿದ್ದಾರೆ, ಎಲ್ಲರೂ ಗುರುಗಳೇ ಅನ್ನುತ್ತೇವೆ. ಎಷ್ಟೇ ಗಂಟು ಬಿದ್ದಿರಲಿ, ನಾಲ್ಕು ಸಾಲಿನಲ್ಲಿ ಬಿಡಿಸುತ್ತಾರೆ. ಈ ಪ್ರೋಗ್ರಾಮಿನ ಅರ್ಧ ಭಾಗವನ್ನು ನಾನು ಕಟ್ಟಿದ್ದೇ ಅವರ ಭರವಸೆಯ ಮೇಲೆ. ಅವರು ಇರುವುದು ಮಡಕಶಿರದಲ್ಲಿ ಎಂದು ಗೊತ್ತಾಯಿತು. ಶನಿವಾರ ಹೊರಟುಬಿಟ್ಟೆ. ಬಸ್ಸು ಬದಲಿಸಿ ಬದಲಿಸಿ, ನಡುವೆ ಪಾವಗಡದಲ್ಲಿ ಆಂಧ್ರ ಬಿಟ್ಟು ಕರ್ನಾಟಕದೊಳಕ್ಕೆ ಹೊಕ್ಕು ಮತ್ತೆ ಹೊರಗೆ ಬಂದು, ಕೋಟೆ ಬೆಟ್ಟದ ಕೆಳಗೆ ಇಳಿದೆ.

ಗುರುಗಳು ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಹಿಂದೆ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರಂತೆ. ಕೈ ತೊಳೆದುಕೊಂಡು ಬಂದು, ನನ್ನ ಪ್ರೋಗ್ರಾಮನ್ನು ಫೋನಿನಲ್ಲೇ ಮೇಲಿಂದ ಕೆಳಗೆ ಓದಿ, ಎಲ್ಲಾ ಸರಿಗೈತೆ ಮೇಡಂ ಅಂದರು. ನನಗೆ ಜೀವ ಬಂದಂತಾಯಿತು. ನಿಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ ನೋಡೋಣವೇ ಎಂದು ಕೇಳಿದೆ.

ಕಂಪ್ಯೂಟರ್ ಇಲ್ಲ ಅಂದರು.

ಹಾಗಾದರೆ ಇಷ್ಟು ದಿನ ನಮಗೆ ಹೇಳಿಕೊಟ್ಟದ್ದನ್ನೆಲ್ಲ ಎಲ್ಲಿ ಓಡಿಸಿ ನೋಡುತ್ತಿದ್ದಿರಿ? ಅವರು ನನ್ನನ್ನು ಕರುಣೆಯಿಂದ ನೋಡಿದರು.

"ಓಡುಸ್ಬೇಕು ಅಂತ ಯಾಕ್ ಅನ್ಸುತ್ತೆ ಮೇಡಂ ನಿಮ್ಗೆ? ಇಂಚು ಇಂಚಿಗೆ, ಮೀಟರ್ ಮೀಟರಿಗೆ, ಜಾತಿ ಜಾತಿಗೆ ಹೊಂದೈತಲ್ಲ. ನಾನು ಇವತ್ತಿನ್ ಗಂಟ ಒಂದು ಪ್ರೋಗ್ರಾಮೂ ಓಡ್ಸಿಲ್ಲ, ಒಂದೂ ತಪ್ಪಾಗಿಲ್ಲ."

ವಾಪಸು ಬರುವಾಗ ಬಸ್ಸು ಪೂರ್ತಿ ಖಾಲಿ ಇತ್ತು. ನಾನು ನಿಂತೇ ಬಂದೆ.

ಎಡಗಾಲು

ಸೋಮವಾರ ಬೆಳಿಗ್ಗೆ ಬಟ್ಟೆ ಹಾಸಿಯಾಗಿತ್ತು. ಮಾಲೀಕರು, ಕಂಪ್ಯೂಟರಿಂದೇ ಹಾಕ್ರಿ ಎಂದರು. ಮಾಸ್ಟರ್ರು ನನ್ನ ನಕ್ಷೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಮಷೀನು ಕೈಗೆತ್ತಿಕೊಳ್ಳಲಿಲ್ಲ. ಎಂಬತ್ತು ಪದರಕ್ಕೆ ಕೈ ಹಾಕುವ ಮೊದಲು ಒಂದೇ ಪ್ಯಾಂಟು ಕತ್ತರಿಸಿ, ಹೊಲಿದು, ಒಗೆದು ನೋಡೋಣ ಎಂದರು. ಹೊತ್ತಾಗುತ್ತದೆ ಎಂದು ಮಾಲೀಕರು ಗೊಣಗಿದರು. ನನಗೂ ಒಳಗೊಳಗೇ ಆ ಪರೀಕ್ಷೆಯೇ ಬೇಕಾಗಿತ್ತು, ಆದರೆ ನಲವತ್ತು ಜನರ ಮುಂದೆ ಹಾಗನ್ನಲು ಬಾಯಿ ಬರಲಿಲ್ಲ. ಬದಲಿಗೆ ಬಾಯಿಗೆ ಬೇರೆಯದೇ ಬಂತು: ಪ್ಯಾಂಟು ಕೆಟ್ಟರೆ ಈ ಆರ್ಡರಿನ ನೂರು ಪ್ಯಾಂಟಿನಲ್ಲಿ ಹೊಲಿದ ಮೇಲೆ ಇಳಿಬೀಳುವ ದಾರದ ತುದಿ ನಾನೇ ಕೂತು ಕತ್ತರಿಸುತ್ತೇನೆ.

"ಮಾತು ಮಾತಾಗಿರಬೇಕ್ರಿ ಅಕ್ಕಾರ," ಅಂದರು ಮಾಸ್ಟರ್ರು.

ಪ್ಯಾಂಟು ಹೊಲಿದರು, ಒಗೆದರು, ಬಿಸಿಲಿಗೆ ಹಾಕಿದರು. ಊಟದ ಹೊತ್ತಿಗೆ ಒಣಗಿತು. ಮಾಲೀಕರೇ ತೊಟ್ಟುಕೊಂಡು ಬಂದು ಎಲ್ಲರ ನಡುವೆ ನಿಂತರು. ಬಲಗಾಲು ನೆಟ್ಟಗಿತ್ತು. ಎಡಗಾಲಿನ ಹೊಲಿಗೆ ತೊಡೆಯ ಪಕ್ಕದಿಂದ ಹೊರಟು, ಮೊಣಕಾಲನ್ನು ಸುತ್ತಿಕೊಂಡು, ಪಾದದ ಮುಂದೆ ಬಂದು ನಿಂತಿತ್ತು. ಅವರು ಎರಡು ಹೆಜ್ಜೆ ಹಾಕಿದರು. ಮೂರನೆಯದಕ್ಕೆ ಮೇಜು ಹಿಡಿದುಕೊಂಡರು.

"ಒಂದು ಕಾಲು ಬಳ್ಳಾರಿಗೆ ಹೊಂಟೈತಿ, ಒಂದು ಹಿಂದೂಪುರಕ್ಕ," ಅಂದರು ಮಾಸ್ಟರ್ರು. ನಲವತ್ತು ಮಷೀನಿನ ಸದ್ದೂ ಒಟ್ಟಿಗೆ ನಿಂತಿತು. ಆಮೇಲೆ ಎದ್ದ ನಗು ಓಣಿಯ ಕೊನೆಯವರೆಗೂ ಕೇಳಿಸಿರಬೇಕು.

ತಪ್ಪು ಇಷ್ಟೇ. ಬಟ್ಟೆ ಉಳಿಸಲು ನನ್ನ ಪ್ರೋಗ್ರಾಂ ಎಡಗಾಲನ್ನು ಸ್ವಲ್ಪ ಓರೆಯಾಗಿ ಮಲಗಿಸಿತ್ತು. ನನ್ನ ಸಮೀಕರಣದಲ್ಲಿ ಓರೆ ಮಾಡಿದ ತುಂಡೂ ತುಂಡೇ, ನೆಟ್ಟಗಿನ ತುಂಡೂ ತುಂಡೇ. ಆದರೆ ಬಟ್ಟೆಗೆ ಉದ್ದನೂಲು, ಅಡ್ಡನೂಲು ಅಂತ ಇರುತ್ತದೆ. ಉದ್ದನೂಲಿಗೆ ನೇರವಾಗಿ ಕತ್ತರಿಸದಿದ್ದರೆ ಒಗೆದ ಮೇಲೆ ಕಾಲು ತಿರುಚಿಕೊಳ್ಳುತ್ತದೆ. ನನಗೆ ಸಿಕ್ಕಿದ ಗೇಣು ಅದು.

ತಿರುಚಿದ ಕಾಲಿನ ಫೋಟೋ ತೆಗೆದು, ಎಲ್ಲಾ ವಿವರಿಸಿ ಗ್ರೂಪಿಗೆ ಹಾಕಿದೆ. ಹುಳಕ್ಕೆ ಸೊಪ್ಪು ಹಾಕಿ ಬಂದಿರಬೇಕು, ಗುರುಗಳ ಉತ್ತರ ಸ್ವಲ್ಪ ತಡವಾಗಿ ಬಂತು: ಪ್ರೋಗ್ರಾಂ ಮತ್ತೊಮ್ಮೆ ಓದಿದೆ, ಸರಿಯಾಗಿದೆ, ಬಟ್ಟೆಯನ್ನು ಪರೀಕ್ಷಿಸಿ.

ಬಟ್ಟೆಯನ್ನು ಬಿಟ್ಟು ಪ್ರೋಗ್ರಾಮನ್ನೇ ತಿದ್ದಿದೆ, ಯಾವ ತುಂಡನ್ನೂ ಓರೆ ಮಾಡಬೇಡ ಎಂದು. ಲ್ಯಾಪ್‌ಟಾಪು ಮತ್ತೆ ಬಿಸಿಯಾಗಿ, ಹೊಸ ನಕ್ಷೆ ಹೊರಬಂತು. ಮಾಸ್ಟರ್ರು ಅದನ್ನು ತಾವು ಮೊದಲೇ ಹಾಕಿಟ್ಟಿದ್ದ ಸೀಮೆಸುಣ್ಣದ ಗುರುತಿನ ಮೇಲೆ ಹಾಸಿದರು. ಕಾಲಿನ ಮೇಲೆ ಕಾಲು, ಜೇಬಿನ ಮೇಲೆ ಜೇಬು, ಒಂದು ಬೆರಳೂ ಆಚೀಚೆ ಇಲ್ಲದೆ ಕೂತವು. ಇಷ್ಟು ದಿನದ ನನ್ನ ದುಡಿಮೆ ಅವರ ಗೆರೆಯ ಮೇಲೇ ಬಂದು ನಿಂತಿತ್ತು. ಅವರು ಬಹಳ ಹೊತ್ತು ಸೂಕ್ಷ್ಮವಾಗಿ ನೋಡಿ, ಮಾಲೀಕರ ಕಡೆ ತಿರುಗಿದರು.

"ಅಕ್ಕಾರ್ದು ಈಗ ಸರಿ ಬಂತು ನೋಡ್ರಿ. ನಂದರ ಮ್ಯಾಲೆ ಇಟ್ಟು ತಪಾಸಣಿ ಮಾಡೀನಿ."

ಎಂಬತ್ತು ಪದರ ಕತ್ತರಿಸಿಯಾಯಿತು, ಆರ್ಡರ್ ಉಳಿಯಿತು. ಮರುದಿನ ನಾನು ಹೆಂಗಸರ ಸಾಲಿನಲ್ಲಿ ಚಾಪೆಯ ಮೇಲೆ ಕೂತು ಸಣ್ಣ ಕತ್ತರಿ ಹಿಡಿದೆ. ನಾಲ್ಕನೇ ಪ್ಯಾಂಟಿನಲ್ಲಿ ದಾರದ ತುದಿಯ ಜೊತೆ ಜೇಬಿನ ಹೊಲಿಗೆಯನ್ನೂ ಬಿಚ್ಚಿಬಿಟ್ಟೆ. ಮಾಸ್ಟರ್ರು ಅದನ್ನೆತ್ತಿ ಪಕ್ಕಕ್ಕಿಟ್ಟು, ಇದು ಲೆಕ್ಕಕ್ಕಿಲ್ಲ, ಇದರ ಬದಲು ಇನ್ನೊಂದು ಮಾಡ್ರಿ ಅಂದರು. ನೂರೊಂದನೆಯ ಪ್ಯಾಂಟಿನ ದಾರ ತೆಗೆದು ಕತ್ತರಿ ಒಪ್ಪಿಸಿದಾಗ ಬಿಸಿಲು ಇಳಿದಿತ್ತು.