ಗಾಜಿನ ಕೆಟಲಿನ ಒಳಮೈ: ಪುಟ ಏಳನ್ನು ಬರೆದವರಿಗೆ

ಮಾನ್ಯರೇ,

ಗಾಜಿನ ಕೆಟಲ್ ತಯಾರಿಸುವ ಘನ ಕಂಪನಿಯೊಂದರಲ್ಲಿ ಕುಳಿತು, ಅದರ ಬಳಕೆದಾರರ ಕೈಪಿಡಿಯನ್ನು ಬರೆದು, ಕೆಳಗೆ ಹೆಸರು ಹಾಕುವ ಧೈರ್ಯ ಸಾಲದೆ ಮರೆಯಾದ ತಮಗೆ, ಕುಮಟಾ ತಾಲೂಕು ಬಾಡದಿಂದ ರೇಖಾ ಸಂತೋಷ ನಾಯ್ಕ ಮಾಡುವ ಅನಂತ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ತಮ್ಮ ಮನೆಯ ಕೆಟಲೂ (ಅದು ಗಾಜಿನದಲ್ಲ ಎಂದು ನನಗೆ ಬಲವಾದ ಅನುಮಾನ) ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಹದಿನೆಂಟು ವರ್ಷದಿಂದ ಕುಮಟೆಯ ಸರಕಾರಿ ಕಚೇರಿಯೊಂದರ ಎದುರು ಕುಳಿತು ಊರವರ ಅರ್ಜಿ ಟೈಪು ಮಾಡುವವಳು. ಪಹಣಿಯಲ್ಲಿ ಹೆಸರು ತಪ್ಪಾದವರು, ಪಿಂಚಣಿ ನಿಂತವರು, ಬದುಕಿದ್ದೂ ಕಾಗದದಲ್ಲಿ ಸತ್ತವರು, ಎಲ್ಲರ ಪರವಾಗಿ ದಯಮಾಡಿ ದಯಮಾಡಿ ಎಂದು ಬರೆದು ಬೆರಳು ಸವೆಸಿಕೊಂಡಿದ್ದೇನೆ. ನನ್ನ ಸ್ವಂತಕ್ಕೊಂದು ಅರ್ಜಿ ಬರೆಯುವ ಭಾಗ್ಯ ಕರುಣಿಸಿದವರು ತಾವೇ ಮೊದಲು.

ವಿಷಯ: ತಮ್ಮ ಕೈಪಿಡಿಯ ಪುಟ ಏಳು, "ಕೆಟಲಿನ ಹೊಟ್ಟೆಯ ಭಾಗವನ್ನು ಮೃದುವಾದ ಬಟ್ಟೆಯಿಂದ ಸಂತೈಸಿ ಒರೆಸಿರಿ" ಎಂಬ ಒಂದೇ ಒಂದು ವಾಕ್ಯ.

ಈ ವಾಕ್ಯ ನಮ್ಮ ಮನೆಗೆ ಬಂದದ್ದು ಹೇಗೆಂದು ವಿನಯದಿಂದ ನಿವೇದಿಸಿಕೊಳ್ಳುತ್ತೇನೆ. ನನ್ನ ಅತ್ತೆ ಬಂಗಾರಿಯವರಿಗೆ ಎಪ್ಪತ್ತೊಂದು ವರ್ಷ. ದೀಪಾವಳಿ ಕಳೆದ ಮೇಲೆ ಅವರ ಮೂತ್ರಪಿಂಡದಲ್ಲಿ ಕಲ್ಲಾಗಿ, ನೋವಿಗೆ ಹಾಸಿಗೆಯ ಮೇಲೆ ಉರುಳಾಡಿ, ಹೊನ್ನಾವರದ ಆಸ್ಪತ್ರೆಯಲ್ಲಿ ಆರು ದಿನ ಮಲಗಿ ಬಂದರು. ದಿನಕ್ಕೆ ಮೂರು ಲೀಟರು ಕುದಿಸಿದ ನೀರು ಕುಡಿಯಲೇಬೇಕು, ಇಲ್ಲವಾದರೆ ಮತ್ತೆ ಇಲ್ಲಿಗೇ ಬರುತ್ತೀರಿ ಎಂದು ಡಾಕ್ಟರು ಕಳಿಸಿಕೊಟ್ಟರು. ನಾನು ಕೆಲಸಕ್ಕೆ ಹೋದ ಮೇಲೆ ಅವರು ಒಬ್ಬರೇ ಗ್ಯಾಸು ಹಚ್ಚುವುದು ಬೇಡವೆಂದು ನನ್ನ ಗಂಡ ಸಂತೋಷ ಭಟ್ಕಳದ ಪೇಟೆಗೆ ಹೋಗಿ, ಸ್ಟೀಲಿನದು ಕೈಗೆಟುಕುವಂತಿದ್ದರೂ ಅದನ್ನು ಬಿಟ್ಟು, ತಮ್ಮ ಕರೆಂಟಿನ ಗಾಜಿನ ಕೆಟಲನ್ನು ತಂದ. "ನೀರು ಕುದಿಯುವ ಸೊಬಗನ್ನು ಕಣ್ಣಾರೆ ಸವಿಯಿರಿ" ಎಂದು ಪೆಟ್ಟಿಗೆಯ ಮೇಲಿತ್ತಂತೆ. ನಾವು ಬಾಡದವರು ಅಲ್ಲಿಯವರೆಗೆ ಆ ಸೊಬಗಿಲ್ಲದೆ ಹೇಗೋ ಬದುಕಿದ್ದೆವು.

ಮೊದಲ ಹತ್ತು ದಿನ ತಮ್ಮ ಕೀರ್ತಿ ಬೆಳಗಿತೆಂದು ಒಪ್ಪಿಕೊಳ್ಳುತ್ತೇನೆ. ಅತ್ತೆ ಟೀವಿ ಬಿಟ್ಟು ಕೆಟಲಿನ ಎದುರು ಕುಳಿತರು. ಗುಳ್ಳೆ ಏಳುವುದನ್ನು ನೋಡಲು ನೆರೆಮನೆಯ ತಿಮ್ಮಿಯೂ ಬಂದು ಹೋದಳು. ಆದರೆ ನಮ್ಮ ಬಾವಿ ಕಡಲಿಗೆ ಹತ್ತಿರ. ಅದರ ನೀರಿನಲ್ಲಿ ಸುಣ್ಣವೂ ಇದೆ, ಚೂರು ಉಪ್ಪೂ ಇದೆ. ಹನ್ನೊಂದನೆಯ ದಿನ ಕೆಟಲಿನ ತಳದಲ್ಲಿ ಬಿಳಿ ಕಲೆ ಕಂಡಿತು, ಹದಿನೈದನೆಯ ದಿನ ಅದು ಒಣಗಿದ ಅಕ್ಕಿಹಿಟ್ಟಿನ ಹಾಗೆ ಗಟ್ಟಿಯಾಗಿ ಗಾಜಿಗೆ ಕೂತಿತು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ಲೋಟ ಕೆಳಗಿಟ್ಟರು. "ಇದೇ ಕಲ್ಲು ನನ್ನ ಹೊಟ್ಟಿಲಿ ಇದ್ದದ್ದು. ಕಣ್ಣಿಗೆ ಕಂಡ ಮ್ಯಾಲೂ ಕುಡೂಕೆ ನಂಗೆಂತ ಮಳ್ಳ? ಈ ಬಿಳಿ ಹೋಗಿ ಗಾಜು ಕಾಣೂವರಿಗೆ ನಂಗೆ ನೀರು ಬ್ಯಾಡ" ಎಂದರು. ಅಂದಿನಿಂದ ಬೆಳಿಗ್ಗೆ ಅರ್ಧ ಲೋಟ ಚಾ, ಊಟಕ್ಕೆ ಎರಡು ಗುಟುಕು ಮಜ್ಜಿಗೆ, ಅಷ್ಟೆ.

ಹಳೆಯ ಅಲ್ಯೂಮಿನಿಯಂ ಬೋಗುಣಿಯಲ್ಲಿ ಕಾಸಿ ಕೊಡೋಣವೆಂದು ಅಟ್ಟದಿಂದ ಇಳಿಸಿದೆ. ಮದುವೆಯಾಗಿ ಬಂದ ದಿನದಿಂದ ನೀರು ಕಾಸಿದ ಬೋಗುಣಿ ಅದು, ಎಂದೂ ಒಳಗೆ ಬಗ್ಗಿ ನೋಡಿದವಳಲ್ಲ. ಅಂದು ನೋಡಿದೆ. ತಳದಲ್ಲಿ ದೋಸೆಯಷ್ಟು ದಪ್ಪಗೆ ಅದೇ ಬಿಳಿ. ಅಷ್ಟೂ ವರ್ಷ ಆ ನೀರನ್ನು ಅವರಿಗೆ ಕೈಯಾರೆ ಕೊಟ್ಟವಳು ನಾನು. ಕಾಣದೆ ಇದ್ದಾಗ ಎಷ್ಟು ನೆಮ್ಮದಿಯಾಗಿದ್ದೆವೆಂದು ನೆನೆದು ತಮ್ಮ ಗಾಜಿನ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ, ನನ್ನ ಮೇಲೆ ಬಂದದ್ದೂ ಸಣ್ಣದಲ್ಲ. ಬೋಗುಣಿಯನ್ನು ಮತ್ತೆ ಅಟ್ಟಕ್ಕೆ ಏರಿಸಿದೆ.

ಹೀಗಾಗಿ ಪುಟ ಏಳಕ್ಕೆ ಶರಣಾದೆ. ಆಹಾ, ಎಂಥ ವಾಕ್ಯ! ಬರೆಯುವಾಗ ತಮ್ಮ ಕೈಯಲ್ಲಿ ಪೆನ್ನಿತ್ತೇ ಹೊರತು ಕೆಟಲಿರಲಿಲ್ಲ ಎಂಬುದು ಅದರ ಪ್ರತಿ ಅಕ್ಷರದಲ್ಲೂ ಹೊಳೆಯುತ್ತದೆ. ಕೆಟಲಿನ ಬಾಯೊಳಗೆ ನನ್ನ ನಾಲ್ಕು ಬೆರಳು ಹೋಗುತ್ತವೆ, ಹೆಬ್ಬೆರಳು ಹೊರಗೆ ನಿಂತು ನೋಡುತ್ತದೆ. ಬಳೆ ಬಿಚ್ಚಿಟ್ಟು ಕೈ ತೂರಿಸಿದೆ, ಹೋಯಿತು, ಬರಲಿಲ್ಲ. ಸಂತೋಷ ಕೊಬ್ಬರಿ ಎಣ್ಣೆ ಸುರಿದು ಬಿಡಿಸುವಷ್ಟರಲ್ಲಿ ಗೆಣ್ಣುಗಳ ಸಿಪ್ಪೆ ಎದ್ದಿತ್ತು. ಚಮಚಕ್ಕೆ ಬಟ್ಟೆ ಕಟ್ಟಿ ಸಂತೈಸಿದೆ. ಬಟ್ಟೆ ಒಳಗೇ ಉಳಿದು, ಅದನ್ನು ಮೀನು ಹಿಡಿದ ಹಾಗೆ ಕೊಕ್ಕೆ ಹಾಕಿ ಎಳೆಯಬೇಕಾಯಿತು. ತೆಂಗಿನ ನಾರು ಹಾಕಬಾರದು, ಬೂದಿ ಹಾಕಬಾರದು, ನೀರಿನಲ್ಲಿ ಮುಳುಗಿಸಬಾರದು ಎಂದು ತಾವೇ ಪುಟ ಎಂಟರಲ್ಲಿ ಅಪ್ಪಣೆ ಕೊಡಿಸಿದ್ದೀರಿ. ನಾಲ್ಕು ದಿನ ಹೀಗೆ ಸಂತೈಸಿದರೂ ಕಲೆ ಅಲುಗಲಿಲ್ಲ. ಐದನೆಯ ಬೆಳಿಗ್ಗೆ ಅತ್ತೆ ಸೊಂಟ ಹಿಡಿದುಕೊಂಡು ಎದ್ದದ್ದನ್ನು ಕಂಡಾಗ ನನಗೆ ನಿಜಕ್ಕೂ ಭಯವಾಯಿತು.

ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಹೊತ್ತು ಸಿತಾರು ಕೇಳಿಸಿ, ಕೊನೆಗೆ ಒಬ್ಬ ಮಹನೀಯರು ವಿನೆಗರ್ ಹಾಕಿ ಕುದಿಸಿ ಎಂದರು. ನಮ್ಮೂರ ಅಜಯನ ಅಂಗಡಿಯಲ್ಲಿ ವಿನೆಗರ್ ಕೇಳಿದರೆ ಆತ ಮೂರು ಬಗೆಯ ಫಿನಾಯಿಲ್ ತೋರಿಸಿದ. ಆಗ ಹೊಳೆಯಿತು: ದೀಪದ ಕಂಬಕ್ಕೂ ಹಿತ್ತಾಳೆ ಕೊಡಕ್ಕೂ ನಾವು ಹಾಕಿ ತಿಕ್ಕುವುದು, ಪಾನಕಕ್ಕೂ ಹಾಕುವ ಹುಳಿ ಮುರುಗಲ ಸಿಪ್ಪೆಯನ್ನಲ್ಲವೇ? ಎರಡು ಹಿಡಿ ಒಣಸಿಪ್ಪೆ ಹಾಕಿ, ಕುತ್ತಿಗೆಯವರೆಗೆ ನೀರು ತುಂಬಿ ಕುದಿಸಿದೆ. ಕೆಟಲು ಕೆಂಪಗೆ ಹೊಳೆಯಿತು. ಇಲ್ಲಿ ಮಾತ್ರ ತಮ್ಮ ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ, ಅದು ನಿಜಕ್ಕೂ ಸೊಬಗೇ. ತಣಿಯಲಿ, ಕಲೆ ಕರಗಲಿ ಎಂದು ಬಿಟ್ಟು ಬಟ್ಟೆ ಒಗೆದು ಒಣಹಾಕಲು ಹಿತ್ತಲಿಗೆ ಹೋದೆ.

ಬಂದು ನೋಡುತ್ತೇನೆ, ಕೆಟಲು ಖಾಲಿ. ಒಳಮೈ ಮದುವಣಗಿತ್ತಿಯ ಕನ್ನಡಿಯ ಹಾಗೆ ಫಳಫಳ. ತಳದಲ್ಲಿ ಸಿಪ್ಪೆ ಮಾತ್ರ. ಅತ್ತೆ ಜಗಲಿಯ ಮೇಲೆ ಕುಳಿತು ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತ, "ಪಾನಕ ಲಾಯ್ಕಿತ್ತು, ಬೆಲ್ಲ ಎಂತಕ್ಕೆ ಹಾಕ್ಲಿಲ್ಲ?" ಎಂದರು. ಮಾನ್ಯರೇ, ಹದಿನೈದು ದಿನದ ಕಲ್ಲು, ಯಾವುದನ್ನು ಕಂಡು ಅವರು ನೀರು ಬಿಟ್ಟಿದ್ದರೋ ಅದು ಪೂರ್ತಿಯಾಗಿ, ಒಂದು ಹನಿಯೂ ಉಳಿಯದಂತೆ ಅವರ ಹೊಟ್ಟೆ ಸೇರಿತ್ತು. ಕೂಡಲೇ ಹೊನ್ನಾವರದ ಡಾಕ್ಟರಿಗೆ ಫೋನು ಮಾಡಿದೆ. ಅವರು ನಕ್ಕು, ಒಂದು ಸಲಕ್ಕೆ ಏನೂ ಆಗುವುದಿಲ್ಲ, ಇನ್ನು ಮೇಲೆ ನೀರು ಕುಡಿಸಿ ಎಂದರು. ಗಾಜು ಕಂಡದ್ದರಿಂದ ಅತ್ತೆ ಅಂದು ಸಂಜೆಯೇ ನೀರು ಕುಡಿದರು; ಸೊಂಟವೂ ಎರಡು ದಿನದಲ್ಲಿ ಸರಿಹೋಯಿತು. ಕುಡಿದದ್ದು ಏನೆಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ರ ಪ್ರಾರ್ಥನೆ ಏನೆಂದರೆ, ದಯಮಾಡಿ ಮುಂದಿನ ಗಾಜಿನ ಕೆಟಲನ್ನು ಒಳಗಿನದು ಕಾಣದಂತೆ ತಯಾರಿಸಬೇಕು. ಅದಾಗದಿದ್ದರೆ ಪ್ರತಿ ಕೆಟಲಿಗೂ ಒಂದು ಪರದೆ ಹೊಲಿಸಿ ಕೊಡಬೇಕು. ಅದೂ ಆಗದಿದ್ದರೆ ಕಡಲನ್ನು ನಮ್ಮ ಬಾವಿಯಿಂದ ಎರಡು ಮೈಲಿ ಆಚೆ ಸರಿಸಿಕೊಡಬೇಕು. ಯಾವುದೂ ಆಗದ ಪಕ್ಷದಲ್ಲಿ ತಾವೇ ಖುದ್ದಾಗಿ ಬಾಡಕ್ಕೆ ದಯಮಾಡಿಸಿ, ಪುಟ ಏಳನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಕೆಟಲಿನೊಳಗೆ ಹಾಕಿ ನಮ್ಮ ಓಣಿಯವರಿಗೆ ತೋರಿಸಬೇಕು. ಕೊಬ್ಬರಿ ಎಣ್ಣೆ ನಮ್ಮ ಮನೆಯದೇ.

ತಮ್ಮ ವಿಶ್ವಾಸಿ,
ರೇಖಾ ಸಂತೋಷ ನಾಯ್ಕ
ಬಾಡ, ಕುಮಟಾ ತಾಲೂಕು

ಮರೆತ ಮಾತು: ಯಾವ ಅರ್ಜಿಯನ್ನಾದರೂ ಕಳಿಸುವ ಮೊದಲು ಸಂಬಂಧಪಟ್ಟವರಿಗೆ ಓದಿ ಹೇಳುವುದು ನನ್ನ ಪದ್ಧತಿ. ಹೆದರುತ್ತಲೇ ಇದನ್ನೂ ಅತ್ತೆಗೆ ಓದಿದೆ. ಅವರು ಕೊನೆಯವರೆಗೆ ಕೇಳಿ, "ಐವತ್ತು ವರ್ಷ ದೀಪ ತಿಕ್ಕಿದವಳು ನಾನು. ತಿಕ್ಕೂ ನೀರು ಯಾವ್ದು, ಕುಡೂ ನೀರು ಯಾವ್ದು ಅಂತ ನಂಗೆ ಗೊತ್ತಾಗೂದಿಲ್ವ? ನಿನ್ನ ಬೆರಳು ನೋಡೂಕೆ ಆಗ್ಲಿಲ್ಲ. ಆ ಬಿಳಿನೇ ಕುಡ್ದ ಮ್ಯಾಲೆ ಇನ್ನು ಅದ್ಕೆ ಹೆದ್ರೂದು ಎಂತಕ್ಕೆ? ನೀ ಮತ್ತೆ ಅದ್ರೊಳಗೆ ಕೈ ಹಾಕೂದು ಬ್ಯಾಡ ಅಂತ ಕುಡ್ದು ಮುಗಿಸ್ದೆ" ಎಂದು ಎದ್ದು ಹೋದರು. ಆದಕಾರಣ ಮುಂದಿನ ಮುದ್ರಣದಲ್ಲಿ ಪುಟ ಏಳನ್ನು ಹೀಗೆ ತಿದ್ದಿಕೊಳ್ಳುವುದು: "ಕೆಟಲಿನ ಒಳಭಾಗ ಶುಚಿಯಾಗಲು ಮನೆಯಲ್ಲಿ ಇಂಥ ಒಬ್ಬ ಅತ್ತೆ ಇರುವುದು ಕಡ್ಡಾಯ. ಅತ್ತೆಯನ್ನು ಪೆಟ್ಟಿಗೆಯ ಜೊತೆ ಕೊಡಲಾಗುವುದಿಲ್ಲ."